ಕಬ್ಬಿಣದ ಮೋರೆಯವನಿಗೆ ತಂಬಿಟ್ಟಿನ ಆರತಿ

ಹೊಸೂರಿನ ಬೆಟ್ಟದ ಮೇಲೆ ಕೂತು ನಮ್ಮನ್ನೆಲ್ಲ ನೋಡಿಕೊಳ್ಳುತ್ತಿರುವ ಚಂದ್ರಚೂಡೇಶ್ವರನಿಗೂ ತಾಯಿ ಮರಕತಾಂಬೆಗೂ ಮೊದಲ ನಮಸ್ಕಾರ. ನಗಿಸುವವನೂ ಅವನೇ, ನಗುವವರೊಳಗೆ ಕೂತಿರುವವನೂ ಅವನೇ. ಹೇಳುವುದರಲ್ಲಿ ಹೆಚ್ಚುಕಮ್ಮಿಯಾದರೆ ಅವನೇ ತಿದ್ದಿಕೊಳ್ಳಲಿ.

ಎರಡು ಸಾವಿರದ ಐದಾರನೇ ಇಸವಿಯ ಸುಮಾರಿಗೆ, ತಮಿಳುನಾಡಿನ ಗಡಿಯೊಳಗಿನ ಕೆಲಮಂಗಲದ ಪೇಟೆಯಲ್ಲಿ ನನ್ನದೊಂದು ಸಿಡಿ ಬಾಡಿಗೆ ಅಂಗಡಿ ಇತ್ತು. ಬೆಳಿಗ್ಗೆ ಬಾಗಿಲು ತೆಗೆದು, ಗೋಡೆಯ ದೇವರ ಪಟಗಳಿಗೆ ಹೂವಿಟ್ಟು, ಊದುಬತ್ತಿ ಹಚ್ಚಿ, ಒಂದು ಭಕ್ತಿಗೀತೆ ಹಾಕಿದ ಮೇಲೇ ವ್ಯಾಪಾರ. ಆದರೆ ನಗೆಯ ಸಂಗತಿಗಳಿಗೆ ಅಷ್ಟು ತಾಳ್ಮೆ ಇರುತ್ತಿರಲಿಲ್ಲ. ಹಾಡು ಮುಗಿಯುವ ಮೊದಲೇ ಹೊಸ್ತಿಲು ಹತ್ತಿಬಿಡುತ್ತಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಹೊತ್ತು ತರುತ್ತಿದ್ದವರು ದೊಡ್ಡವ್ವ.

ದೊಡ್ಡವ್ವ ಅಂದರೆ ಪಕ್ಕದ ಹಳ್ಳಿಯ ಮುದುಕಿ. ಇಬ್ಬರು ಗಂಡುಮಕ್ಕಳು. ದೊಡ್ಡವನು ಟೊಮೇಟೊ ಬೆಳೆಯುತ್ತಿದ್ದ, ಚಿಕ್ಕವನು ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟು ಕೆಲಸ. ಒಂದು ಬೇಸಿಗೆಯಲ್ಲಿ ಬಾವಿಯ ಮೋಟರು ಯಾರ ಸರದಿ ಅನ್ನುವುದಕ್ಕೆ ಇಬ್ಬರಿಗೂ ಮಾತು ನಿಂತುಹೋಗಿತ್ತು. ಒಂದೇ ಮನೆ, ಎರಡು ಒಲೆ, ನಡುಮನೆಯಲ್ಲಿ ತಾಯಿ ಮತ್ತು ಟಿವಿ. ಕೈಯಳತೆಯಲ್ಲಿ ನಿಂತಿದ್ದರೂ ದೊಡ್ಡವನು, "ಅವ್ವ, ಮೋಟ್ರು ಆರಿಸು ಅಂತೇಳು ಅವ್ನಿಗೆ" ಅನ್ನುವನು. ಚಿಕ್ಕವನು, "ಅವ್ವ, ಆಗ್ಲೇ ಆರಿಸಿವ್ನಿ ಅಂತೇಳು" ಅನ್ನುವನು.

ದೊಡ್ಡವ್ವನಿಗೆ ಅದೊಂದೇ ಕೊರಗು. "ನಾನ್ ಹೋದ್ಮ್ಯಾಲೆ ಇವ್ರ ಮಾತು ಯಾರ್ ಸಾಗಿಸ್ತಾರೆ ಸ್ವಾಮಿ?" ಎಂದು ಕೇಳುವರು. ಹಣೆಯ ವಿಭೂತಿ ನೋಡಿ ಊರವರೆಲ್ಲ ನನ್ನನ್ನು ಸ್ವಾಮಿ ಎನ್ನುತ್ತಿದ್ದರು.

ಕಿರೀಟ ಕಂಡರೆ ಕೈ ಮುಗಿ

ಮೊದಲ ಸಲ ದೊಡ್ಡವ್ವ ಬಂದದ್ದು ದೇವರ ಸಿನಿಮಾ ಕೇಳಿಕೊಂಡು. ನಾನು ಹುಡುಕುತ್ತಿದ್ದಾಗ ಅವರೇ ಒಂದು ಡಬ್ಬಿ ಎತ್ತಿ ಕಣ್ಣಿಗೊತ್ತಿಕೊಂಡರು. ನೋಡಿದರೆ ಪರದೇಶದ ಕಾರ್ಟೂನು, ತಮಿಳಿಗೆ ಡಬ್ ಆದದ್ದು, ಐದು ಭಾಗದ ಮಾಯಾಲೋಕದ ಕತೆ. ಹೊದಿಕೆಯ ಮೇಲೆ ಕಿರೀಟ ಇಟ್ಟು, ರೆಕ್ಕೆ ಬಿಚ್ಚಿ ನಿಂತ ಒಬ್ಬಳು ಹುಡುಗಿ.

"ಇದು ದೇವ್ರಲ್ಲ ದೊಡ್ಡವ್ವ, ಬೊಂಬೆ ಕತೆ" ಅಂದೆ.

ಅವರು ನನ್ನ ಗೋಡೆಯ ಪಟಗಳನ್ನು ಒಂದೊಂದಾಗಿ ನೋಡಿದರು. "ಅವೆಲ್ಲ ಏನು, ಎದ್ದು ಬಂದು ನಿನ್ ಜೊತೆ ಮಾತಾಡ್ತವಾ? ಸುಮ್ಕೆ ಕೊಡಪ್ಪ."

ಕೊಟ್ಟೆ. ಮೊದಲನೇ ಭಾಗವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು.

ಕುದುರೆ ಇಳಿಯದವನ ತಪಸ್ಸು

ಎರಡೇ ದಿನಕ್ಕೆ ಕೆಂಡವಾಗಿ ಬಂದರು. ಆ ಕತೆಯಲ್ಲಿ ಹಿಮದ ಕೋಟೆಯ ದಂಡನಾಯಕನೊಬ್ಬನಿದ್ದ, ಯಾವಾಗಲೂ ಕಬ್ಬಿಣದ ಮುಖವಾಡ. ಮೊದಲ ಭಾಗದ ಕೊನೆಗೆ ಅವನು ರೆಕ್ಕೆಯ ಹುಡುಗಿಯ ಊರನ್ನೇ ಸುಟ್ಟುಹಾಕುತ್ತಾನೆ.

"ಆ ಕಬ್ಬಿಣದ ಮೋರೆಯೋನು ಸಾಯೋ ಸಿಡಿ ಯಾವ್ದು? ಅದ್ನೇ ಕೊಡು."

"ಅವನು ಸಾಯಲ್ಲ ದೊಡ್ಡವ್ವ. ಎರಡು, ಮೂರು, ನಾಲ್ಕನೇ ಭಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಗ್ತಾನೆ."

"ಊರು ಸುಟ್ಟೋನು ಬದಲಾಗ್ತಾನಾ?"

"ಪುರಾಣದಲ್ಲಿ ದಾರಿ ದೋಚೋನೂ ಋಷಿ ಆಗ್ಲಿಲ್ವಾ?"

"ಆದ. ಹುತ್ತ ಬೆಳೆಯೋಗಂಟ ಒಂದೇ ಕಡೆ ಕೂತಿದ್ದ. ಇವ್ನು ಎಲ್ಲಿ ಕೂತ? ಯಾವಾಗ್ ನೋಡಿದ್ರೂ ಕುದ್ರೆ ಮ್ಯಾಲೇ ಅವ್ನೆ!"

ಬೈಯುತ್ತಲೇ ಎರಡನೇ ಭಾಗ ತೆಗೆದುಕೊಂಡು ಹೋದರು. ಮುಂದಿನ ಸಲ ಬಂದಾಗ ದನಿ ಸ್ವಲ್ಪ ಇಳಿದಿತ್ತು. "ಕುಂಟೋ ಕುದ್ರೆಗೆ ಚಾಟಿ ಎತ್ತಿದ್ದ ಸ್ವಾಮಿ, ಹೊಡೀಲಿಲ್ಲ. ಕೈ ನೋವಿತ್ತೇನೋ."

ಕೊನೆಯಿಂದ ಹತ್ತಿದವನು

ನಡುವಿನ ಭಾಗಗಳನ್ನು ಸಾಮಾನ್ಯವಾಗಿ ಯಾರೂ ಕೇಳುತ್ತಿರಲಿಲ್ಲ. ಮೊದಲನೆಯದು ಬೇಕು, ಕೊನೆಯದು ಬೇಕು, ನಡುವಿನವುಗಳ ಮೇಲೆ ಧೂಳು. ಮನುಷ್ಯ ಬದಲಾಗುವುದೆಲ್ಲ ಆ ಧೂಳಿನ ಕೆಳಗೇ ಇರುತ್ತದೆ ಎಂದು ಹೇಳಿದರೆ ಗಿರಾಕಿಗಳು ನಕ್ಕುಬಿಡುತ್ತಿದ್ದರು.

ದೊಡ್ಡಮಗನೂ ಅಂಥವನೇ. ಟೊಮೇಟೊ ಮಂಡಿಗೆ ಹಾಕಿ ಬರುವಾಗ ಅಂಗಡಿಗೆ ನುಗ್ಗಿ, "ಅವ್ವ ದಿನಾ ಒಂದೊಂದ್ ತುಣುಕು ಹೇಳಿ ತಲೆ ತಿಂತಾವ್ಳೆ. ನಂಗೆ ಕೊನೇದು ಕೊಟ್ಬುಡಿ, ಒಂದೇ ಏಟ್ಗೆ ಮುಗಿಸ್ಬುಡ್ತೀನಿ" ಅಂದ. ಯಾರೂ ಇಲ್ಲದ ಮಧ್ಯಾಹ್ನ ನೋಡಿ, ಮಾರನೇ ದಿನ ತಲೆ ಕೆರೆದುಕೊಂಡು ಬಂದ.

"ಸ್ವಾಮಿ, ಅದ್ರಾಗೆ ಒಬ್ಬ ಮೆತ್ತಗಿನ ಮನುಷ್ಯ ಅವ್ನಲ್ಲ, ಜ್ವರ ಬಂದಿರೋ ಆ ರೆಕ್ಕೆ ಹುಡುಗಿಗೆ ಗಂಜಿ ಕಾಯ್ಸಿಕೊಡ್ತಾನಲ್ಲ, ಯಾರವ್ನು? ಒಳ್ಳೇ ಮನೆತನದೋನ ಹಂಗವ್ನೆ."

"ಅವನೇಪ್ಪ ಕಬ್ಬಿಣದ ಮೋರೆಯೋನು. ಮುಖವಾಡ ತೆಗೆದವ್ನೆ, ಅಷ್ಟೇ."

ಅವನು ಬೆಂಚಿನ ಮೇಲೆ ಕುಸಿದು ಕೂತ. "ಅಯ್ಯೋ ಶಿವನೇ! ನಾನು ಆ ಹುಡುಗಿಗೆ ಗಂಡು ಸಿಗ್ತು ಅನ್ಕೊಂಡಿದ್ನಲ್ಲ ಸ್ವಾಮಿ!"

ನಕ್ಷತ್ರ ಗೊತ್ತಿಲ್ಲ

ಒಂದು ಮಂಗಳವಾರ ಊರ ಅಮ್ಮನ ಗುಡಿಗೆ ಹೋಗಿದ್ದೆ. ದೊಡ್ಡವ್ವ ತಂಬಿಟ್ಟಿನ ದೀಪಗಳ ತಟ್ಟೆ ಹೊತ್ತು ನಿಂತಿದ್ದರು. ಪೂಜಾರಿ, "ಯಾರ ಹೆಸರಿಗೆ ಅರ್ಚನೆ?" ಅಂದರು.

"ಹೆಸ್ರು ಗೊತ್ತಿಲ್ಲಪ್ಪ. ಒಳ್ಳೇ ಬುದ್ಧಿ ಬರ್ಲಿ ಅಂತ ಹರಕೆ."

"ನಕ್ಷತ್ರ?"

"ಅದೂ ಗೊತ್ತಿಲ್ಲ. ಹಿಮದ ಕೋಟೆ ಕಡೆಯೋನು."

ಪೂಜಾರಿ ನನ್ನ ಮುಖ ನೋಡಿದರು. ಹರಕೆಗೆ ಅಡ್ಡಿ ಬರಬಾರದೆಂದು, "ಗೋತ್ರ ತಿಳಿಯದವರಿಗೆ ಶಿವಗೋತ್ರ ಇದೆಯಲ್ಲ ಸ್ವಾಮಿ, ಹಾಗೇ ಮಾಡಿ" ಅಂದೆ. ತಾಯಿಯ ಮುಂದೆ ಗಂಟೆ ಬಾರಿಸಿ ಮಂಗಳಾರತಿ ಆಯಿತು. ಪೂಜಾರಿ ಕುಂಕುಮ ಕೊಟ್ಟು, "ಇದನ್ನ ಆ ಹುಡುಗನ ಹಣೆಗೆ ಹಚ್ಚು" ಅಂದರು.

ಹೊರಗೆ ಬಂದ ಮೇಲೆ ಕೇಳಿದೆ, "ಬೊಂಬೆಗೆ ಯಾಕೆ ದೊಡ್ಡವ್ವ ಹರಕೆ?"

"ಅಂಥೋನೇ ಬದಲಾದ್ರೆ ನನ್ ಮಕ್ಳಿಗೇನು ರೋಗ, ಬದಲಾಗಕ್ಕೆ? ಅವ್ನು ಮೊದ್ಲು ದಾರಿ ತೋರಿಸ್ಲಿ." ಅವರ ಕಣ್ಣು ತುಂಬಿತ್ತು. ನಾನು ಮತ್ತೆ ಗುಡಿಯ ಕಡೆ ತಿರುಗಿ ಇನ್ನೊಂದು ಸಲ ಕೈ ಮುಗಿದೆ.

ಕುಂಕುಮವನ್ನು ಅವರು ನೇರ ಟಿವಿಯ ಗಾಜಿಗೇ ಹಚ್ಚಿದರಂತೆ, ಕಬ್ಬಿಣದ ಮೋರೆಯವನ ಹಣೆ ಬರುವ ಜಾಗ ನೋಡಿ. ಆಮೇಲೆ ಒಂದು ವಾರ ರಾಜನಿಗೂ ಕುಂಕುಮ, ರಾಕ್ಷಸನಿಗೂ ಕುಂಕುಮ, ಸಂಜೆ ವಾರ್ತೆ ಓದುವವರಿಗೂ ಕುಂಕುಮ. ಸೊಸೆ ಒರೆಸಲು ಹೋದರೆ, "ಮುಟ್ಬ್ಯಾಡ, ಯಾರಿಗೆ ಬೇಕೋ ಅವ್ರಿಗೆ ತಾಗಲಿ" ಅಂದರಂತೆ.

ಹಗ್ಗ ಬಿಡುತ್ತಾನೋ ಇಲ್ಲವೋ

ನಾಲ್ಕನೇ ಭಾಗ ಕೊಟ್ಟ ಭಾನುವಾರದ ಸಂಜೆ ದೊಡ್ಡವ್ವನ ಮನೆಯಿಂದ ಕರೆ ಬಂತು, ಸಿಡಿ ನಿಂತುಹೋಗಿದೆ ಎಂದು. ಮೆತ್ತನೆಯ ಬಟ್ಟೆ ಹಿಡಿದುಕೊಂಡು ಹೋದೆ. ನಡುಮನೆಯಲ್ಲಿ ದೊಡ್ಡವ್ವ, ಸೊಸೆಯಂದಿರು, ಮಕ್ಕಳು. ಈ ಬಾಗಿಲಿಗೆ ಒರಗಿ ದೊಡ್ಡವನು, ಆ ಬಾಗಿಲಿಗೆ ಒರಗಿ ಚಿಕ್ಕವನು. ಪರದೆಯ ಮೇಲೆ ಮುರಿದ ಸೇತುವೆ, ಕೆಳಗೆ ಪ್ರಪಾತ. ರೆಕ್ಕೆಗೆ ಗಾಯವಾದ ಹುಡುಗಿ ಹಗ್ಗ ಹಿಡಿದು ನೇತಾಡುತ್ತಿದ್ದಾಳೆ, ಹಗ್ಗದ ತುದಿ ಕಬ್ಬಿಣದ ಮೋರೆಯವನ ಕೈಯಲ್ಲಿ. ಅಷ್ಟಕ್ಕೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತ್ತು.

ನಾನು ಸಿಡಿ ತೆಗೆದು ಒರೆಸುತ್ತಿದ್ದೆ. ಚಿಕ್ಕವನು ಹೇಳಿದ, "ಬುಡ್ತಾನೆ ಹಗ್ಗ. ಇಂಥೋರೆಲ್ಲ ಬದಲಾಗಾಕಿಲ್ಲ."

"ಅವ್ವ, ಬುಡಾಕಿಲ್ಲ ಅಂತೇಳು ಅವ್ನಿಗೆ" ಅಂದ ದೊಡ್ಡವನು.

"ಅವ್ವ, ಕಂಡೋನ ಹಂಗೆ ಮಾತಾಡ್ಬ್ಯಾಡ ಅಂತೇಳು."

ಅಷ್ಟರಲ್ಲಿ ಸಿಡಿ ಮತ್ತೆ ಹಾಕಿದ್ದೆ. ಚಿತ್ರ ನಡುಗುತ್ತಾ ಬರತೊಡಗಿತ್ತು. ದೊಡ್ಡವ್ವ ಪರದೆಯಿಂದ ಕಣ್ಣು ಕೀಳಲಿಲ್ಲ. "ಥೂ, ನಾನ್ ನೋಡ್ತಾ ಇವ್ನಿ! ಈವತ್ತು ಯಾರ್ ಮಾತೂ ಸಾಗ್ಸಾಕಿಲ್ಲ. ಏನ್ ಬೇಕೋ ನೀವ್ ನೀವೇ ಯೋಳ್ಕಳಿ!"

ದೊಡ್ಡವನಿಗೆ ತಡೆಯಲಾಗಲಿಲ್ಲ. ವಾರಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟು. "ಲೇ, ಬುಡಾಕಿಲ್ಲ ಕಣ್ಲಾ! ಎಳ್ಕೊಂಡು ಕಾಪಾಡ್ತಾನೆ! ಕೊನೇದ್ರಾಗೆ ಅವ್ಳಿಗೆ ಗಂಜಿ ಕಾಯ್ಸಿಕೊಡ್ತಾನೆ, ನಾನ್ ನೋಡಿವ್ನಿ!"

ಚಿಕ್ಕವನು ನೆಟ್ಟಗೆ ನಿಂತ. ಮುಖ ಕೆಂಪೇರಿತ್ತು.

"ಥತ್, ಯಾಕಣ್ಣಾ ಮುಂದ್ಲ ಕತೆ ಯೋಳ್ಬುಟ್ಟೆ! ಶಿಫ್ಟು ಬದಲಾಯಿಸ್ಕೊಂಡು ಓಡ್ಬಂದಿವ್ನಿ ನಾನು!"

"ನೀನು ಅವ್ನ ಬೈದ್ರೆ ಸುಮ್ಕಿರ್ಲಾ?"

"ಸುಮ್ಕಿರ್ಬೇಕಾಗಿತ್ತು! ಅಷ್ಟು ದಿನ ಸುಮ್ಕಿರ್ಲಿಲ್ವಾ?"

"ನೀನು ಮಾತಾಡ್ಸಿದ್ರೆ ತಾನೇ ಕಣ್ಲಾ!"

ಹಗ್ಗದವಳನ್ನು ಎಲ್ಲರೂ ಮರೆತರು. ಇಬ್ಬರೂ ನಡುಮನೆಯ ಮಧ್ಯಕ್ಕೇ ಬಂದು, ಮುಖಕ್ಕೆ ಮುಖ ಕೊಟ್ಟು ಕಿರುಚಾಡತೊಡಗಿದರು. ದೊಡ್ಡವ್ವ ಮೆಲ್ಲಗೆ ಎದ್ದು ಜಗಲಿಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಪಾಪ, ಹೆತ್ತ ಕರುಳು ಎಂದು ನಾನು ಒಳಗೆ ಹೆಜ್ಜೆ ಇಟ್ಟೆ. "ಇರಿ ದೊಡ್ಡವ್ವ, ನಾನು ಬಿಡಿಸ್ತೀನಿ."

ಅವರು ನನ್ನ ಪಂಚೆಯ ತುದಿ ಹಿಡಿದು ಎಳೆದರು.

"ನಿಮ್ ದಮ್ಮಯ್ಯ, ಕೂತ್ಕೊಳಿ ಸ್ವಾಮಿ! ಈಗ ತಾನೆ ಶುರುವಾಗದೆ. ನೀವು ಹೋಗಿ ರಾಜಿ ಮಾಡಿಸ್ಬುಟ್ರೆ ತಿರ್ಗ ಮಾತು ನಿಂತೋಯ್ತದೆ!"

ಇದನ್ನು ಓದಿದವರಿಗೂ, ಪಕ್ಕದಲ್ಲಿ ಕೂತು ಕೇಳಿಸಿಕೊಂಡವರಿಗೂ ತಾಯಿ ಮರಕತಾಂಬೆ ಒಳ್ಳೆಯದು ಮಾಡಲಿ. ನಿಮ್ಮ ಮನೆಗಳಲ್ಲಿ ಜಗಳವಾದರೂ ಸರಿ, ಮಾತು ಮಾತ್ರ ನಿಲ್ಲದಿರಲಿ.