ದುಭಾಷಿಯ ಕಿಸೆಯ ಬೆಲ್ಲ

ಎರಡು ಭಾಷೆ ಬಲ್ಲವನಿಗೆ ಎರಡು ಬಾಯಿ ಇದ್ದಷ್ಟು ಸೊಕ್ಕು ಬರುತ್ತದೆ. ನನಗೂ ಬಂದಿತ್ತು. ಈಗ ಇಳಿದಿದೆ. ಹೇಗೆ ಇಳಿಯಿತೆಂದು ಹೇಳಲು ನಾಚಿಕೆ, ಹೇಳದಿದ್ದರೆ ಉಂಡ ಊಟ ಮೈಗೆ ಹತ್ತುವುದಿಲ್ಲ.

ನಾನು ಕುಷ್ಟಗಿ ಕಡೆಯ ಜೋಳದ ರೊಟ್ಟಿಯ ಮನುಷ್ಯ. ಮೇಷ್ಟ್ರಾಗಿ ಬಂದು ಸೇರಿದ್ದು ಗಂಗಾವತಿ ಹತ್ತಿರದ ಒಂದು ಕ್ಯಾಂಪಿಗೆ. ಕ್ಯಾಂಪ್ ಎಂದರೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಊರು. ಮೂರು ಹೊತ್ತೂ ಅನ್ನ. ಇಪ್ಪತ್ತು ವರ್ಷದಲ್ಲಿ ನನಗೆ ತೆಲುಗು ಬಂತು, ಹೊಟ್ಟೆ ಬಂತು, ಕೊನೆಗೆ ಶುಗರ್ರೂ ಬಂತು. ಧಾರವಾಡ ಕಡೆಯಿಂದ ಹೊಸದಾಗಿ ಬಂದ ಡಾಕ್ಟರಮ್ಮ, "ಸಕ್ಕರಿ ಬಿಡ್ರಿ ಸರ್" ಎಂದರು. ಬಿಟ್ಟೆ. ಬೆಲ್ಲ ಬಿಡ್ರಿ ಎಂದು ಅವರು ಹೇಳಿರಲಿಲ್ಲವಲ್ಲ! ಅಂದಿನಿಂದ ಕಿಸೆಯಲ್ಲಿ ಕಾಗದ ಸುತ್ತಿದ ಬೆಲ್ಲದ ತುಣುಕು. ಅಂಗಿ ಒಗೆಯುವ ಹೆಂಡತಿ, "ಕಿಸೇದಾಗ ಇರುವಿ ಯಾಕ ತುಂಬ್ಯಾವ್ರಿ?" ಎಂದರೆ, "ಸಾಲ್ಯಾಗ ಭಾಳ ಅದಾವ" ಎನ್ನುತ್ತಿದ್ದೆ.

ನಮ್ಮ ಶಾಲೆಯ ಕಟ್ಟೆಯ ಮೇಲೆ ಶುಗರ್ ತಪಾಸಣೆ ಶುರುವಾಯಿತು. ಡಾಕ್ಟರಮ್ಮನಿಗೆ ತೆಲುಗು ಬಾರದು, ದುಭಾಷಿ ನಾನೇ. ಸುಬ್ಬಮ್ಮ ಎಂಬ ಅಜ್ಜಿಯ ಸರದಿ ಬಂತು. ಮಕ್ಕಳ ಬಿಸಿಯೂಟಕ್ಕೆ ಹಿತ್ತಲಿನ ಕರಿಬೇವು ತಂದುಕೊಡುವ ಜೀವ. ಕನ್ನಡದಲ್ಲಿ ಬರುವುದು "ಎಷ್ಟು" ಮತ್ತು "ಬ್ಯಾಡ" ಅಷ್ಟೇ. ಡಾಕ್ಟರಮ್ಮ ಗುಳಿಗೆ ಬರೆದು, "ರಾತ್ರಿ ಅನ್ನ ಬಿಟ್ಟು ರೊಟ್ಟಿ ತಿನ್ನಾಕ ಹೇಳ್ರಿ. ಗುಳಿಗಿ ತಗೊಂಡು ಉಪಾಸ ಮಾತ್ರ ಇರಬಾರದು" ಎಂದರು. "ರಾತ್ರಿ ಅನ್ನಂ ಮಾನೇಯಂಡಿ" ಎಂದೆ ನಾನು, ಅನ್ನ ಬಿಡಿ ಎಂದು. ಅಷ್ಟರಲ್ಲಿ ರೊಟ್ಟಿಯ ಹೆಸರು ಕಿವಿಗೆ ಬಿದ್ದಿತ್ತಲ್ಲ, ಸೊಕ್ಕು ಎದ್ದು ಕೂತಿತು. ನೆರೆದ ಮಂದಿಯ ಕಡೆ ತಿರುಗಿ, ನಮ್ಮಜ್ಜ ರೊಟ್ಟಿ ತಿಂದು ಮುಪ್ಪಿನಲ್ಲೂ ಬಾವಿ ಇಳಿಯುತ್ತಿದ್ದ ಕಥೆ ತೆಗೆದೆ, ಅದೂ ಕನ್ನಡದಲ್ಲಿ. ಕಥೆ ಮುಗಿಯುವಷ್ಟರಲ್ಲಿ ಸುಬ್ಬಮ್ಮ ಚೀಟಿ ಹಿಡಿದು ಹೋಗಿದ್ದಳು. ಉಳಿದರ್ಧ ಮಾತು ನನ್ನ ಬಾಯಲ್ಲೇ ಉಳಿಯಿತು.

ಮುಂದಿನ ವಾರ ಬೆಳಿಗ್ಗೆಯೇ ತಪಾಸಣೆಗೆ ಬಂದವಳು ಕಟ್ಟೆ ಏರುವಾಗಲೇ ಕುಸಿದು ಕೂತಳು. ಮೈಯೆಲ್ಲ ಬೆವರು, ಕೈ ಗಡಗಡ. ಏನು ತಿಂದಿರಿ ಎಂದು ತೆಲುಗಿನಲ್ಲಿ ಕೇಳಿದೆ. "ಅನ್ನಂ ಮಾನೇಯಮನಿ ಮೀರೇ ಚೆಪ್ಪಾರು ಕದಾ" ಎಂದಳು. ನೀವೇ ಹೇಳಿದಿರಲ್ಲ, ಅನ್ನ ಬಿಡಿ ಎಂದು. ಅಯ್ಯೋ! ಈ ಮಂದಿಗೆ ಅನ್ನವೆಂದರೆ ಊಟವೇ. ಊಟ ಆಯಿತಾ ಎಂದು ಕೇಳುವುದೂ ಅನ್ನ ತಿಂದಿರಾ ಎಂದೇ. ದಿನಾ ನಾನೇ ಹಾಗೆ ಕೇಳುತ್ತೇನೆ. ಮೇಷ್ಟ್ರ ಮಾತೆಂದು ಮುದುಕಿ ವಾರವಿಡೀ ಗುಳಿಗೆ ನುಂಗಿ ಬರಿಹೊಟ್ಟೆಯಲ್ಲಿ ಮಲಗಿದ್ದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿ, "ಶುಗರ್ ಭಾಳ ಇಳದೈತಿ! ಸಿಹಿ ಏನರ ತರ್ರಿ, ಲಗೂ!" ಎಂದು ಕೂಗಿದರು. ಅಡುಗೆಕೋಣೆಗೆ ಬೀಗ, ಅಂಗಡಿ ದೂರ. ಸಿಹಿ ಇದ್ದದ್ದು ನನ್ನ ಕಿಸೆಯಲ್ಲಿ. ಕೈ ಒಂದು ಕ್ಷಣ ಕಿಸೆಯ ಮೇಲೇ ನಿಂತುಬಿಟ್ಟಿತು. ಮುದುಕಿಯ ಜೀವದ ಎದುರು ನನ್ನ ಮಾನವನ್ನು ತೂಗಿ ನೋಡಿದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಬೆಲ್ಲ ತೆಗೆದು ಅವಳ ಬಾಯಿಗಿಟ್ಟೆ. ಜಗಿದಳು. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಮುಖಕ್ಕೆ ಕಳೆ ಬಂತು.

ತಪ್ಪು ನನ್ನದು, ಬರಿಹೊಟ್ಟೆಯಲ್ಲಿ ಇರಬೇಡಿ, ರೊಟ್ಟಿ ತಿನ್ನಿ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಅವಳೆಲ್ಲಿ ಕೇಳುತ್ತಾಳೆ! ನನ್ನ ಕೈ ಹಿಡಿದುಕೊಂಡು, ನಮ್ಮ ಮೇಷ್ಟ್ರು ದೇವರು, ನಮ್ಮಂಥವರಿಗೆ ಬೇಕಾದೀತೆಂದು ಕಿಸೆಯಲ್ಲಿ ಬೆಲ್ಲ ಇಟ್ಟುಕೊಂಡೇ ತಿರುಗುತ್ತಾರೆ ಎಂದು ತೆಲುಗಿನಲ್ಲಿ ಎಲ್ಲರಿಗೂ ಕೇಳುವಂತೆ ಸಾರಿದಳು. ಮಂದಿ ಹೌದೌದೆಂದು ತಲೆಯಾಡಿಸಿತು.

ಡಾಕ್ಟರಮ್ಮ ಬೆಲ್ಲದ ಕಾಗದವನ್ನೇ ನೋಡುತ್ತಿದ್ದರು. "ಅಮ್ಮಾರು ಏನಂತಾರ್ರಿ ಸರ್?"

"ಶುಗರ್ ಇದ್ದ ಮಾಸ್ತರನ ಕಿಸೇದಾಗ ಬೆಲ್ಲ ಯಾಕಿತ್ತು ಅಂತ ಕೇಳಾಕತ್ತಾರ್ರಿ" ಎಂದೆ.

"ಛಲೋ ಕೇಳ್ಯಾರ. ಯಾಕಿತ್ರಿ?"

ಕಿಸೆಯನ್ನು ಹೊರಗೆ ತಿರುವಿ ತೋರಿಸಿದೆ, ಎರಡು ಇರುವೆ ಉದುರಿದವು.