ವಾಲ್ವ್ ಸಿಕ್ಕಿದ ದಿನ

ಮೇಲುಕೋಟೆಗೆ ಹೋದ ಅಪ್ಪ ಭಾನುವಾರ ಬರುತ್ತೇನೆಂದು ಹೇಳಿ ಶುಕ್ರವಾರ ಬೆಳಿಗ್ಗೆಯೇ ಬಂದಿಳಿದದ್ದು ವಿಜಯೇಂದ್ರನ ಮೊದಲ ದುರದೃಷ್ಟ. ಬರುವಾಗ ಜೇಬಿನಲ್ಲಿ ಹಳೇ ರೇಡಿಯೋದ ಒಂದು ವಾಲ್ವ್ ಇಟ್ಟುಕೊಂಡು ಬಂದದ್ದು ಎರಡನೆಯದು.

ಶ್ರೀರಂಗಪಟ್ಟಣದ ಆ ಮನೆಯ ನಡುಮನೆಯಲ್ಲಿದ್ದ ವಾಲ್ವ್ ರೇಡಿಯೋ ಮಾತು ನಿಲ್ಲಿಸಿ ಹದಿನಾಲ್ಕು ವರ್ಷವಾಗಿತ್ತು. ನಿವೃತ್ತ ಮೇಷ್ಟರು ಜಯರಾಮಯ್ಯನವರು ಮಾತ್ರ ಅದು ಸತ್ತಿದೆಯೆಂದು ಒಪ್ಪಿರಲಿಲ್ಲ. "ಒಂದು ವಾಲ್ವ್ ಸಿಗಬೇಕು, ಅಷ್ಟೆ," ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ತಮ್ಮ ಕನ್ನಡಕ ಒರೆಸಿದ ಮೇಲೆ ಅದನ್ನೂ ಒರೆಸುತ್ತಿದ್ದರು.

ಮಗ ವಿಜಯೇಂದ್ರನಿಗೆ ಪೇಟೆಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ತೊಂಬತ್ತೇಳನೇ ಇಸವಿಯಲ್ಲಿ ಟೈಪಿಂಗ್ ಕಲಿಯಲು ಯಾರು ಬರುತ್ತಾರೆ? ಮೈಸೂರಿನ ಗೆಳೆಯನೊಬ್ಬ ಹಳೇ ಕಂಪ್ಯೂಟರಿನ ಮಾನಿಟರನ್ನೂ ಒಳಗಿನ ಸಾಮಾನನ್ನೂ ಕೊಟ್ಟಿದ್ದ, ಡಬ್ಬ ಕೊಟ್ಟಿರಲಿಲ್ಲ. ಮಾನಿಟರು ಇನ್‌ಸ್ಟಿಟ್ಯೂಟಿನ ಮೇಜಿನ ಮೇಲಿತ್ತು. ಮದರ್‌ಬೋರ್ಡು, ಹಾರ್ಡ್‌ಡಿಸ್ಕು ಎಲ್ಲ ಹಳೇ ಪೇಪರಿನ ಮೇಲೆ ಬಿದ್ದಿದ್ದವು, ಹಲ್ಲಿ ಅವುಗಳ ಮೇಲೆ ಸಂಚಾರ ಮಾಡುತ್ತಿತ್ತು. ಸೋಮವಾರ ಕಂಪ್ಯೂಟರ್ ತರಗತಿ ಶುರು. ಆರು ಜನ ಹೆಸರು ಬರೆಸಿದ್ದರು. ಅದು ತಪ್ಪಿದರೆ ಇನ್‌ಸ್ಟಿಟ್ಯೂಟಿಗೆ ಬೀಗವೇ ಗತಿ.

ಹಾಗಾಗಿ ಅಪ್ಪ ಊರಲ್ಲಿಲ್ಲದ್ದು ನೋಡಿಕೊಂಡು, ಬಡಗಿ ಚೌಡಯ್ಯನನ್ನು ಕರೆಸಿ, ರೇಡಿಯೋದ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಿತ್ತು ಗುಜರಿಗೆ ಹಾಕಿ, ಆ ತೇಗದ ಪೆಟ್ಟಿಗೆಯಲ್ಲಿ ಕಂಪ್ಯೂಟರನ್ನು ಕೂರಿಸಿದ್ದ. ಮುಂದೆ ಫ್ಲಾಪಿಗೊಂದು ಸೀಳು, ಹಿಂದೆ ಫ್ಯಾನು. ಎಡಗಡೆಯ ತಿರುಪು ತಿರುಗಿಸಿದರೆ ಆನ್. ದೂರದಿಂದ ನೋಡಿದರೆ ಅದೇ ರೇಡಿಯೋ. ಶನಿವಾರ ಅದನ್ನು ಇನ್‌ಸ್ಟಿಟ್ಯೂಟಿಗೆ ಸಾಗಿಸಿ, ರೇಡಿಯೋ ರಿಪೇರಿಗೆ ಹೋಗಿದೆ ಎಂದು ಅಪ್ಪನಿಗೆ ಹೇಳುವ ಯೋಚನೆ ಅವನದು.

ಅಪ್ಪನ ಜೊತೆ ಅವರ ತಂಗಿ ಅಲಮೇಲು ಅತ್ತೆಯೂ ಬಂದಿದ್ದರು; ಮಧ್ಯಾಹ್ನದ ಬಸ್ಸಿಗೆ ಅಕ್ಕಿಹೆಬ್ಬಾಳಿಗೆ ಹೊರಡುವವರು. ಅಪ್ಪ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ವಾಲ್ವ್ ತೋರಿಸಿದರು.

"ಮೇಲುಕೋಟೇಲಿ ಒಬ್ಬರ ಅಟ್ಟದಲ್ಲಿ ಸಿಕ್ತು ಕಣೋ. ಸ್ಕ್ರೂಡ್ರೈವರ್ ತಗೊಂಬಾ, ಬಿಚ್ಚೋಣ."

"ಬಿಚ್ಚೋದು ಬೇಡಪ್ಪ, ನಾನೇ ರಿಪೇರಿ ಮಾಡಿಸಿಬಿಟ್ಟೆ," ಎಂದುಬಿಟ್ಟ ವಿಜಯೇಂದ್ರ. ಬಾಯಿಗೆ ಬಂದದ್ದು ಅದು.

ಜಯರಾಮಯ್ಯನವರ ಕಣ್ಣು ತೇವವಾಯಿತು. "ಹಾಡ್ಸು ನೋಡೋಣ."

"ವಾಲ್ವ್ ಬಿಸಿ ಆಗ್ಬೇಕಲ್ಲಪ್ಪ. ನೀವು ಸ್ನಾನ ಮಾಡ್ಕೊಂಡು ಬನ್ನಿ."

ಅಪ್ಪ ಸ್ನಾನ ಮುಗಿಸುವಷ್ಟರಲ್ಲಿ ವಿಜಯೇಂದ್ರ ತನ್ನ ಪಾಕೆಟ್ ಟ್ರಾನ್ಸಿಸ್ಟರನ್ನು ಪೆಟ್ಟಿಗೆಯ ಹಿಂಬದಿಯಿಂದ ಒಳಗೆ ತುರುಕಿದ. ಆದರೆ ಅಪ್ಪ ಬಚ್ಚಲಿಗೆ ಹೋಗುವ ಮುಂಚೆಯೇ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದ್ದರು. ಹೂ ಮಾರುವ ಮಾದಮ್ಮ ಬುಟ್ಟಿ ಇಳಿಸಿ ಮುಂದಿನ ಸಾಲಲ್ಲೇ ಕೂತಳು.

ಅಪ್ಪ ಕೈಮುಗಿದು ಎಡಗಡೆಯ ತಿರುಪು ತಿರುಗಿಸಿದರು. ಕಂಪ್ಯೂಟರು 'ಕುಂಯ್' ಎಂದು, ಗುರ್ರನೆ ಫ್ಯಾನು ತಿರುಗಿಸತೊಡಗಿತು.

"ಬಿಕ್ಕಳಿಕೆ ಬಂತೇನೋ ಪಾಪ, ಎಷ್ಟು ವರ್ಸ ಬಾಯಿ ಮುಚ್ಕಂಡಿತ್ತು," ಎಂದಳು ಮಾದಮ್ಮ.

ಹಿಂದೆ ನಿಂತಿದ್ದ ವಿಜಯೇಂದ್ರ ಒಳಗೆ ಕೈ ತೂರಿಸಿ ಟ್ರಾನ್ಸಿಸ್ಟರ್ ಹಚ್ಚಿದ. ರೇಷ್ಮೆ ಹುಳುವಿನ ಸಾಕಣೆಯ ಬಗ್ಗೆ ಯಾರೋ ಮಾತಾಡುತ್ತಿದ್ದರು. ಜಯರಾಮಯ್ಯನವರು ಅದನ್ನು ಹರಿಕಥೆ ಕೇಳಿದ ಹಾಗೆ ಕೇಳಿದರು.

"ನೀನ್ಯಾಕೋ ಅಲ್ಲಿ ನಿಂತಿದೀಯ?"

"ಅರ್ತ್ ವೈರು ಹಿಡ್ಕೊಂಡಿದೀನಪ್ಪ."

"ಹೂಂ, ಆವಾಗ್ಲೂ ಅರ್ತಿನದೇ ಕಾಟ. ಬಿಡಬೇಡ, ಈಗ ದೆಹಲಿ ಹಾಕ್ತೀನಿ."

ಅಪ್ಪ ಮುಂದೆ ಬಲಗಡೆಯ ತಿರುಪು ತಿರುಗಿಸಿದಂತೆಲ್ಲ ಮಗ ಹಿಂದೆ ಕುರುಡಾಗಿ ತಿರುಗಿಸಬೇಕಾಯಿತು. ದೆಹಲಿಗೆ ಬದಲು ತಮಿಳು ಬಂತು. ಮಾದಮ್ಮ ಸಿನಿಮಾ ಹಾಡು ಕೇಳಿದಳು, ಹವಾಮಾನ ಬಂತು. ವಿಜಯೇಂದ್ರನ ತೋಳು ಮರಗಟ್ಟಿತು.

ಅಷ್ಟರಲ್ಲಿ ಚೌಡಯ್ಯ ಬಂದು ಬಾಗಿಲಲ್ಲಿ ಕಣ್ಣು ಬಿಟ್ಟು ನಿಂತ. "ಇದೇನ್ ಸಾಮಿ, ಇದ್ರೊಳಗೆ ರೇಡಿಯೋ ಎಲ್ಲದೆ?"

ವಿಜಯೇಂದ್ರ ಗಂಟಲು ಕಿತ್ತುಹೋಗುವಂತೆ ಕೆಮ್ಮಿದ. ಚೌಡಯ್ಯನಿಗೆ ಹೊಳೆಯಿತು. "ಅಂದ್ರೆ, ಇಂತಾ ರೇಡಿಯೋ ಇವಾಗ ಎಲ್ಲದೆ ಅಂತಂದೆ."

"ಮುಂದೆ ಈ ಸೀಳು ಯಾಕಯ್ಯ?" ಎಂದರು ಜಯರಾಮಯ್ಯ.

"ಗಾಳಿಗೆ ಬುಟ್ಟಿರೋದು ಸಾಮಿ," ಎಂದವನೇ ಚೌಡಯ್ಯ ಬಂದ ದಾರಿ ಹಿಡಿದ.

ಅಲಮೇಲು ಅತ್ತೆ ಒಂದು ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದರು. ಅಪ್ಪ ಅವರ ಕಡೆ ತಿರುಗಿದರು.

"ಮದುವೆಯಾಗಿ ಹೊರಟ ದಿನ ಇದು ಬೇಕು ಅಂತ ಅತ್ತಿದ್ದೆ ನೀನು. ಆಗ ನಮ್ಮಪ್ಪ ಕೊಡಲಿಲ್ಲ. ಆಮೇಲೆ ಇದು ಕೆಟ್ಟುಹೋಯ್ತು, ಕೆಟ್ಟಿದ್ದನ್ನ ಹೆಣ್ಣುಮಗಳಿಗೆ ಹೇಗೆ ಕೊಡ್ಲಿ ಅಂತ ಸುಮ್ಮನಿದ್ದೆ. ಇವತ್ತು ನಿನ್ನ ಬರಿಗೈಲಿ ಕಳಿಸಲ್ಲ."

ವಿಜಯೇಂದ್ರ ಪೆಟ್ಟಿಗೆಯ ಹಿಂದಿನಿಂದ ತಲೆ ಎತ್ತಿದ. "ಬಸ್ಸಲ್ಲಿ ಅಲುಗಾಡಿ ಹಾಳಾಗತ್ತಪ್ಪ," ಎಂದ.

"ಮಡಿಲಲ್ಲಿ ಇಟ್ಕೊಂಡು ಹೋಗ್ತಾಳೆ ಬಿಡು."

ಅಪ್ಪ ತಿರುಪು ತಿರುಗಿಸಿ ಆರಿಸಿದಾಗ ವಿಜಯೇಂದ್ರ ಹಿಂದೆ ಟ್ರಾನ್ಸಿಸ್ಟರಿನ ದನಿಯನ್ನು ಪೂರ್ತಿ ಇಳಿಸಿದ; ರೇಡಿಯೋಗೆ ಅರಿಸಿನ ಕುಂಕುಮ ಆಯಿತು. ಮೇಲೆ ರವಿಕೆ ಕಣ, ಎಲೆ ಅಡಿಕೆ, ತೆಂಗಿನಕಾಯಿ ಕೂತವು. ಬೀದಿಯವರೆಲ್ಲ ಜಯರಾಮಯ್ಯನವರ ದೊಡ್ಡತನವನ್ನು ಹೊಗಳುತ್ತಿರುವಾಗ, ಅಪ್ಪನ ಮುಖ ನೋಡಿ ವಿಜಯೇಂದ್ರನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದ. ಅತ್ತೆ ಮೆದು ಮನಸ್ಸಿನವರು, ಕಾಲು ಹಿಡಿದರೆ ಪೆಟ್ಟಿಗೆ ಬಿಟ್ಟುಹೋಗುತ್ತಾರೆ ಎಂಬುದೊಂದೇ ಅವನಿಗಿದ್ದ ಆಸೆ. ಕೆ.ಆರ್.ಪೇಟೆ ಬಸ್ಸು ಬಂತು. ಅತ್ತೆ ಕಿಟಕಿ ಪಕ್ಕ ಕೂತು ಪೆಟ್ಟಿಗೆಯನ್ನು ಮಡಿಲಿಗೆ ಇಸಿದುಕೊಂಡರು.

"ಅತ್ತೆ, ಒಂದು ಮಾತು," ಎಂದು ವಿಜಯೇಂದ್ರ ಶುರುಮಾಡಿದ.

ಅತ್ತೆ ಚೀಲಕ್ಕೆ ಕೈಹಾಕಿ ಅವನ ಪಾಕೆಟ್ ಟ್ರಾನ್ಸಿಸ್ಟರನ್ನು ತೆಗೆದು ಕೈಗಿಟ್ಟರು. "ಕುಂಕುಮ ಇಡೋವಾಗ ತೆಗೆದೆ, ಆಫ್ ಮಾಡಿದೀನಿ. ಸೆಲ್ಲು ಯಾಕೆ ದಂಡ?"

ಅವನು ಅದನ್ನು ಜೇಬಿಗೆ ಹಾಕಿಕೊಂಡ.

"ರೇಡಿಯೋಗೆ ಫ್ಯಾನು ಯಾಕಪ್ಪ? ನಮ್ಮ ಸ್ಮೃತಿ ಶಾಲೇಲೂ ಹೀಗೇ ಗುರ್ ಅನ್ನೋದೊಂದಿದೆ. ಕಂಪ್ಯೂಟರ್ ಕೊಡಿಸು ಅಜ್ಜಿ ಅಂತ ವರ್ಷದಿಂದ ಜೀವ ತಿಂತಿದಾಳೆ."

"ಅತ್ತೆ, ಸೋಮವಾರ ನಂಗೆ ತರಗತಿ..."

"ಹಾಗಾದ್ರೆ ಇಳಿಸ್ಕೋ. ಮನೆಗೆ ಹೋಗಿ ಅಣ್ಣನಿಗೆ ಏನು ಹೇಳ್ತೀಯ?"

ವಿಜಯೇಂದ್ರ ಕೈ ಮುಂದೆ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡ. ಕಂಡಕ್ಟರು ಸೀಟಿ ಊದಿದ. ಬಸ್ಸು ಅಲುಗಿತು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಟೀವಿ ಥರದ್ದೊಂದು ಇರತ್ತಲ್ಲ, ಅದನ್ನ ಭಾನುವಾರ ತಂದ್ಕೊಡಪ್ಪ. ತವರಿನವರು ಅರ್ಧಂಬರ್ಧ ಕೊಡಬಾರದು."