ಒಂಬತ್ತು ಮಾತ್ರೆಯ ಬಟ್ಟೆ

ಸರ್ವಮಂಗಳ ಸದ್ದಿಲ್ಲದೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಎದುರಿಗೆ ಗಂಡ ಏಕಾಂತಪ್ಪ ಬೆರಳು ಮಡಚಿ ಮಾತ್ರೆ ಎಣಿಸುತ್ತಿದ್ದ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಕೆಮ್ಮುವಂತೆಯೂ ಇರಲಿಲ್ಲ.

ಮತ್ತೋಡಿನ ಶಾಲೆಗೆ ಅವನು ಹಂಗಾಮಿ ಮೇಷ್ಟ್ರು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರು ಮನಸ್ಸು ಮಾಡಿದರೆ ಕೆಲಸ ಕಾಯಂ. ಅವರಿಗೆ ಛಂದಸ್ಸಿನ ಹುಚ್ಚು ಎಂದು ಕೇಳಿ, ಸ್ವಾಗತಕ್ಕೆ ಭಾಮಿನಿ ಷಟ್ಪದಿಯೊಂದನ್ನು ಹೊಸೆದಿದ್ದ. ಆರು ಸಾಲಿನಲ್ಲೂ ಎರಡನೆಯ ಅಕ್ಷರ ಒಂದೇ. ಪ್ರಾಸ ಗಟ್ಟಿಯಾಗಿ ಕೂತಿತ್ತು. ನಾಲ್ಕು ಸಾಲಿಗೆ ಹದಿನಾಲ್ಕು ಮಾತ್ರೆ. ಮೂರನೆಯದೂ ಆರನೆಯದೂ ಉದ್ದ, ಇಪ್ಪತ್ತಮೂರು. ಮೂರನೆಯದರ ಬಾಲದಲ್ಲಿ ಸಾಹೇಬರ ಹೊಗಳಿಕೆ, ಆರನೆಯದರ ಬಾಲದಲ್ಲಿ ತನ್ನ ಬೇಡಿಕೆ. ಆ ಬಾಲಕ್ಕೇ ಎರಡು ಮಾತ್ರೆ ಕಡಿಮೆಬಿದ್ದು, ಸಾಲು ಕುಂಟೆತ್ತಿನಂತೆ ನಿಂತಿತ್ತು.

"ಎನ್ನ ನೌಕರಿ... ಎನ್ನ ನೌಕರಿ..."

"ಕಾಯ್," ಎಂದಳು ಸರ್ವಮಂಗಳ, ಮೊರದಿಂದ ತಲೆ ಎತ್ತದೆ.

ಸಾಲು ಕೂತಿತು. ಬಟ್ಟೆ ಅಂಗಡಿ ಮುರುಗೇಶಪ್ಪ ಪುಕ್ಕಟೆ ಕೊಟ್ಟಿದ್ದ ಬಿಳಿ ಬಟ್ಟೆಯ ಮೇಲೆ ಕೆಮ್ಮಣ್ಣಿನಲ್ಲಿ ಪದ್ಯ ಬರೆದು, ಒಣಹಾಕಿ, ಏಕಾಂತಪ್ಪ ಸ್ನಾನಕ್ಕೆ ಹೋದ.

ಅಷ್ಟರಲ್ಲಿ ಮುರುಗೇಶಪ್ಪನೂ ಪಟೇಲ ನಾಗರಾಜಪ್ಪನೂ ಉಪಕಾರ ಮಾಡಲು ಬಂದು, ಬಟ್ಟೆಯನ್ನು ಶಾಲೆಗೆ ಒಯ್ದು ಬಾಗಿಲಿಗೆ ಹಿಡಿದರು.

"ಬಾಗ್ಲಿಗಿಂತ ಅಗಲ ಐತಲ್ಲೋ," ಎಂದ ಪಟೇಲ.

"ಬಲಗಡೆ ನೋಡ್ರಿ ಪಟೇಲ್ರೇ. ನಾಕು ಸಾಲು ನೆಟ್ಟಗೆ ನಿಂತವೆ, ಎರಡು ಮಾತ್ರ ಹೊರಗೆ ಚಾಚ್ಕಂಡವೆ. ಅಂಚು ಸಮ ಇಲ್ದಿದ್ರೆ ನನ್ನ ಅಂಗಡಿ ಮರ್ಯಾದೆ ಏನಾಗ್ಬೇಕು?"

ಗಜಕಡ್ಡಿ ಇಟ್ಟು ಕತ್ತರಿ ಆಡಿಸಿಯೇಬಿಟ್ಟ.

ಏಕಾಂತಪ್ಪ ಒದ್ದೆ ತಲೆಯಲ್ಲಿ ಓಡಿಬಂದಾಗ ಸಾಹೇಬರು ಆಗಲೇ ಬಟ್ಟೆಯ ಮುಂದೆ ನಿಂತು ಬೆರಳು ಮಡಚುತ್ತಿದ್ದರು. ಬಟ್ಟೆಯ ಬಲಗಡೆ ಪದ್ಯದ ಎರಡು ಬಾಲಗಳೂ ಮಾಯವಾಗಿದ್ದವು.

"ಚೆಂದಾಗಿ ಕುಂತೈತಲ್ಲ?" ಎಂದು ಮುರುಗೇಶಪ್ಪ ಕಿವಿಯಲ್ಲಿ ಉಸುರಿದ.

"ಎಲ್ಲಾ ಸಾಲಿಗೂ ಹದಿನಾಲ್ಕು," ಎಂದರು ಸಾಹೇಬರು. "ಭಾಮಿನಿ ಆಗಬೇಕಿದ್ದದ್ದು ಆಗಿಲ್ಲ. ಆದರೆ ಹೊಗಳಿಕೆ ಇಲ್ಲ, ಬೇಡಿಕೆ ಇಲ್ಲ. ಬೇಕಂತಲೇ ಬಿಟ್ಟಿರೋ ಮೇಷ್ಟ್ರೇ?"

ಅವರ ಮುಖದಲ್ಲಿ ನಗು ಕಂಡು ಏಕಾಂತಪ್ಪನಿಗೆ ಜೀವ ಬಂತು.

"ಹೌದು ಸ್ವಾಮಿ, ಬೇಕಂತಲೇ. ನನ್ನದೇ ಹೊಸ ಛಂದಸ್ಸು."

"ಸಂತೋಷ. ಕಾಯಂ ಜಾಗ ಇರೋದು ಒಂದೇ. ಇನ್ನೊಂದು ಊರಿನ ಮೇಷ್ಟ್ರು ಆರು ಸಾಲಿನಲ್ಲೂ ಅದನ್ನೇ ಬೇಡಿದ್ದಾರೆ. ನಿಮಗೆ ಅದರ ಹಂಬಲವಿಲ್ಲ ಅಂದಮೇಲೆ ಅವರಿಗೇ ಬರೆಯುತ್ತೇನೆ."

ಬೆನ್ನು ತಟ್ಟಿ, ಮಕ್ಕಳ ಮಗ್ಗಿ ಕೇಳಿ, ಗಾಡಿ ಹತ್ತಿದರು.

ಮುರುಗೇಶಪ್ಪ ಸೊಂಟದಿಂದ ಒಂದು ಸುರುಳಿ ತೆಗೆದ. "ತಗಳ್ರಿ ಮೇಷ್ಟ್ರೇ, ಉಳಿದ ತುಂಡು. ಹಲಗೆ ಒರ್‍ಸಾಕಾಗ್ತೈತೆ."

ತುಂಡಿನ ತುದಿಯಲ್ಲಿ ಕೆಂಪಗೆ 'ಎನ್ನ ನೌಕರಿ ಕಾಯ್' ಎಂದಿತ್ತು. ಏಕಾಂತಪ್ಪ ಅದನ್ನು ಕಸಿದುಕೊಂಡು ಗಾಡಿಯ ಹಿಂದೆ ಓಡಿದ. ಧೂಳಿನಾಚೆ ಎತ್ತಿನ ಗಂಟೆ ಸಣ್ಣಗಾಗುತ್ತಿತ್ತು.

"ಸ್ವಾಮಿ, ಇದನ್ನೊಂದು ಓದ್ರಿ."